ಟೈಗರ್ ಟ್ಯಾಂಕಿನ ಹೊಟ್ಟೆಯೊಳಗೆ ತುಕ್ಕು ಇತ್ತಾ?

ಮೂರು ವಾರದಿಂದ ನನ್ನ ಮೇಜಿನ ಮೇಲೆ ಒಂದು ಟೈಗರ್ ಟ್ಯಾಂಕು, ಅಂದ್ರೆ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕಿನ ಮಾಡೆಲ್ಲು, ಬಿಡಿಬಿಡಿಯಾಗಿ ಕೂತಿದೆ. ಟರೆಟ್, ಅಂದ್ರೆ ಗನ್ ಸಮೇತ ತಿರುಗೋ ಮೇಲಿನ ಭಾಗ, ಒಂದು ಕಡೆ, ಕೆಳಗಿನ ಒಡಲು ಒಂದು ಕಡೆ, ಮೇಲಿನ ಮುಚ್ಚಳ ಇನ್ನೊಂದು ಕಡೆ. 1/35 ಸ್ಕೇಲು, ಗನ್ನೂ ಸೇರಿದ್ರೆ ಒಂದು ಗೇಣಿಗಿಂತ ಚೂರು ಉದ್ದ ಅಷ್ಟೇ. ಹೊರಗಡೆ ಕೆಲಸ ಇನ್ನೂ ಮುಟ್ಟಿಲ್ಲ. ಒಳಗೆ ಡ್ರೈವರ್ ಕೂರೋ ಜಾಗದಲ್ಲಿ, ಅವನು ಬಲಗಾಲಿನ ಹಿಮ್ಮಡಿ ಊರೋ ಕಡೆ, ನೆಲದ ತಗಡು ಹೇಗೆ ಕಾಣ್ತಿತ್ತು ಅನ್ನೋದರಲ್ಲೇ ನಿಂತುಬಿಟ್ಟಿದೀನಿ. ಮೇಲೆ ಮುಚ್ಚಿದ ಮೇಲೆ ಅದು ಯಾರಿಗೆ ಕಾಣುತ್ತೆ ಅಂತ ಮನೇಲಿ ಕೇಳ್ತಾರೆ. ಯಾರಿಗೂ ಕಾಣಲ್ಲ, ನಿಜ. ಆದ್ರೂ ಅದನ್ನ ಸರಿ ಮಾಡದೆ ಮುಚ್ಚೋಕೆ ನನಗೆ ಮನಸ್ಸಾಗ್ತಿಲ್ಲ, ಯಾಕೆ ಅಂತ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

1/35 ಅನ್ನೋ ಈ ವಿಚಿತ್ರ ಅಳತೆ ಹುಟ್ಟಿದ್ದೇ ಒಳಗಿನ ಜಾಗದಿಂದ. 1960ರ ದಶಕದ ಶುರುವಿನಲ್ಲಿ ಜಪಾನಿನ ಟಮಿಯಾದವರು ಮೋಟಾರ್ ಹಾಕಿ ಓಡಿಸೋ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದ್ರು, ಒಳಗೆ ಬ್ಯಾಟರಿ ಕೂರಬೇಕಿತ್ತು, ಬ್ಯಾಟರಿ ಹಿಡಿಯೋ ಅಷ್ಟು ಅಗಲಕ್ಕೆ ಮಾಡಿ ಆಮೇಲೆ ಅಳೆದು ನೋಡಿದ್ರೆ ಹೆಚ್ಚುಕಮ್ಮಿ ಮೂವತ್ತೈದರಲ್ಲೊಂದು ಬಂತು, ಅದೇ ಮುಂದೆ ಇಡೀ ಜಗತ್ತಿನ ಮಾಡೆಲ್ ಮಾಡೋರ ಅಳತೆ ಆಗಿಹೋಯ್ತು. ಆಗ ಟ್ಯಾಂಕಿನ ಹೊಟ್ಟೆಯೊಳಗೆ ಇದ್ದಿದ್ದು ಎರಡು ಬ್ಯಾಟರಿ. ಈಗ ಬರೋ ಕೆಲವು ಕಿಟ್‌ಗಳಲ್ಲಿ ಎಂಜಿನ್ನು, ಗೇರ್‌ಬಾಕ್ಸು, ರೇಡಿಯೋ, ಸೀಟು, ಗುಂಡುಗಳ ಬಿನ್ನು, ಸಕಲವೂ ಇರುತ್ತೆ. ಕೊಟ್ಟಿದ್ದನ್ನ ಕೊಟ್ಟ ಹಾಗೆ ಅಂಟಿಸಿದ್ರೆ ಕೆಲಸ ಮುಗೀತು ಅಂತ ನಾನೂ ಅಂದ್ಕೊಂಡಿದ್ದೆ.

ಆ ನಂಬಿಕೆ ಮೊದಲ ವಾರದಲ್ಲೇ ಹೋಯ್ತು. ನಾನು ಮಾಡ್ತಿರೋದು ಮೊದಮೊದಲಿನ ಟೈಗರ್, 1943ರಲ್ಲಿ ಟುನೀಸಿಯಾಕ್ಕೆ ಹೋದಂಥದ್ದು. ಅದರ ಗನ್ ಪಕ್ಕದ ದಪ್ಪ ಉಕ್ಕಿನ ತಡೆಯಲ್ಲಿ ಗನ್ನರ್ ನೋಡೋಕೆ ಅಂತ ಎರಡು ತೂತು ಇರ್ತಾವೆ, ಕಿಟ್‌ನಲ್ಲೂ ಹೊರಗಡೆ ಎರಡು ತೂತು ಸರಿಯಾಗಿಯೇ ಕೊಟ್ಟಿದ್ರು. ಒಳಗಡೆ ಕೊಟ್ಟ ದೂರದರ್ಶಕ ಮಾತ್ರ ಒಂಟಿಗಣ್ಣಿನದು. ಎರಡು ಕಣ್ಣಿನದು ಟಿಝಡ್‌ಎಫ್ 9ಬಿ, ಒಂಟಿಗಣ್ಣಿನ 9ಸಿ ಬಂದಿದ್ದು 1944ರಲ್ಲಿ. ಯಾವ ಕಂಪನಿ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. ಹೊರಗಿನ ತೂತು ಒಳಗಿನ ಸಾಮಾನಿಗೆ ತಾಳೆ ಆಗ್ಬೇಕು ಅನ್ನೋ ಸರಳ ವಿಷಯ ನನ್ನ ತಲೆಗೆ ಬಂದಿದ್ದೇ ಅವತ್ತು. ಅಲ್ಲಿಂದ ಒಂದೊಂದು ಭಾಗ ಕೈಗೆ ತಗೊಂಡಾಗಲೂ ನೀನು ಯಾವ ವರ್ಷದವನು ಅಂತ ಕೇಳೋ ಅಭ್ಯಾಸ ಆಯ್ತು. ಟೈಗರ್ ಅಂದ್ರೆ ಒಂದು ಟ್ಯಾಂಕಲ್ಲ. 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ಜರ್ಮನಿಯ ಕಾಸೆಲ್ ಊರಿನ ಹೆನ್ಶೆಲ್ ಕಾರ್ಖಾನೆಯಲ್ಲಿ ಸುಮಾರು 1,350 ಮಾಡಿದ್ರು, ಆ ಎರಡು ವರ್ಷ ಪೂರ್ತಿ ಏನಾದ್ರೂ ಬದಲಾಯಿಸ್ತಾನೇ ಇದ್ರು. ಮೊದಲ 250ರಲ್ಲಿ ಮೇಬಾಕ್ ಎಚ್‌ಎಲ್ 210 ಎಂಜಿನ್ನು, ಆಮೇಲಿನದರಲ್ಲಿ 230. ಕಮಾಂಡರ್ ತಲೆ ಹಾಕೋ ಗೂಡು ಮೊದಲು ಡ್ರಮ್ಮಿನ ತರ ನೆಟ್ಟಗೆ, 1943ರ ಜುಲೈನಿಂದ ಬೇರೆ ಥರ. ಹಾಗಾಗಿ ಟೈಗರ್ ಒಳಗೆ ಹೇಗಿತ್ತು ಅಂತ ಕೇಳೋದೇ ತಪ್ಪು, ಯಾವ ತಿಂಗಳಿನ ಟೈಗರ್ ಅಂತ ಮೊದಲು ಕೇಳ್ಬೇಕು.

ಬಣ್ಣದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಮೊದಲು ಎಡವಿದ್ದು ಅಲ್ಲಿ. ಜರ್ಮನ್ ಟ್ಯಾಂಕುಗಳ ಒಳಗೆ ಮೇಲ್ಭಾಗಕ್ಕೆ ದಂತದ ಬಣ್ಣ ಹೊಡೀತಿದ್ರು, ಎಲ್ಫೆನ್‌ಬೈನ್ ಅಂತಾರೆ, ಆನೆ ದಂತ ಅಂತಲೇ ಅರ್ಥ. ಕಾರಣ ಬೆಳಕು. ಕಿಟಕಿ ಇಲ್ಲದ ಅಡುಗೆಮನೆಗೆ ಸುಣ್ಣ ಬಳಿದ್ರೆ ಒಂದು ಬಲ್ಬಿನಲ್ಲೇ ಕಣ್ಣು ಕಾಣುತ್ತಲ್ಲ, ಹಾಗೆ. ಕೆಳಗಡೆ, ಅಂದ್ರೆ ನೆಲ, ಒಡಲಿನ ತಳ, ಎಂಜಿನ್ ಕೋಣೆ, ಇವಕ್ಕೆ ಮೇಲಿನ ಬಣ್ಣ ಇಲ್ಲ, ಕೆಂಪು ಪ್ರೈಮರನ್ನೇ ಬಿಟ್ಟುಬಿಡೋರು. ಯುದ್ಧಕಾಲದ ಜರ್ಮನ್ ಬಣ್ಣದ ಪಟ್ಟಿಯಲ್ಲಿ ಎಲ್ಫೆನ್‌ಬೈನ್‌ಗೆ ಇದ್ದ ನಂಬರ್ ರಾಲ್ 1001. ಈಗಿನ ಪಟ್ಟಿಯಲ್ಲಿ 1001ರ ಹೆಸರು ಬೀಜ್ ಅಂತ ಆಗಿದೆ, ಎಲ್ಫೆನ್‌ಬೈನ್ ಅನ್ನೋ ಹೆಸರು 1014ಕ್ಕೆ ಹೋಗಿದೆ, ಅದು ಇನ್ನೂ ಹಳದಿ. ನಾನು ಹೆಸರು ನಂಬಿದೆ, ನಂಬರ್ ನೋಡಲಿಲ್ಲ. ಟರೆಟ್ ಒಳಗೆ ಪೂರ್ತಿ ಏರ್‌ಬ್ರಷ್ ಮಾಡಿ ಮುಗಿಸಿ, ಬೆಳಿಗ್ಗೆ ಎದ್ದು ಬಿಸಿಲಲ್ಲಿ ನೋಡಿದ್ರೆ ಒಳ್ಳೆ ಕೆನೆಬಣ್ಣದ ಬದಲು ಹಳದಿ ಕಸ್ಟರ್ಡ್ ಬಣ್ಣ. ಒಂದಿಡೀ ಭಾನುವಾರ ಅದನ್ನ ತೆಗೆಯೋದರಲ್ಲೇ ಹೋಯ್ತು.

ಅವತ್ತಿಂದ ಯಾರ ಮಾತು ಎಷ್ಟು ನಂಬಬೇಕು ಅಂತ ಲೆಕ್ಕ ಹಾಕೋಕೆ ಶುರು ಮಾಡಿದೆ. ಯುದ್ಧದ ಕಾಲದ ಫೋಟೋ ಸಾವಿರಾರು ಇವೆ, ಎಲ್ಲ ಹೊರಗಿನವು. ಟ್ಯಾಂಕಿನ ಮೇಲೆ ಕೂತು ನಗ್ತಿರೋ ಹುಡುಗರ ಫೋಟೋ ಎಷ್ಟು ಬೇಕಾದ್ರೂ ಸಿಗುತ್ತೆ, ಅವರು ಕೂರ್ತಿದ್ದ ಸೀಟಿನ ಫೋಟೋ ಒಂದು ಸಿಕ್ರೆ ಪುಣ್ಯ, ಒಳಗೆ ಕತ್ತಲೆ, ಕ್ಯಾಮೆರಾ ಹಿಡಿಯೋಕೂ ಜಾಗ ಇಲ್ಲ. ಸಿಕ್ಕರೂ ಕಪ್ಪುಬಿಳುಪು, ಅದರಲ್ಲೂ ಆ ಕಾಲದ ಕೆಲವು ಫಿಲ್ಮುಗಳಿಗೆ ಕೆಂಪು ಕಾಣ್ತಾನೇ ಇರ್ಲಿಲ್ಲ, ಕೆಂಪು ಪ್ರೈಮರ್ ಅದರಲ್ಲಿ ಹೆಚ್ಚುಕಮ್ಮಿ ಕಪ್ಪಾಗಿ ಬೀಳುತ್ತೆ. ಅದನ್ನ ನೋಡಿ ನೆಲ ಕಡುಬೂದು ಅಂತ ತೀರ್ಮಾನ ಮಾಡಿದ್ರೆ ಮುಗೀತು.

ಒಳ್ಳೆ ಸಾಕ್ಷಿ ಅಂದ್ರೆ ನನ್ನ ಪ್ರಕಾರ ಶತ್ರು ಬರೆದಿಟ್ಟಿದ್ದು. 1943ರ ಏಪ್ರಿಲ್‌ನಲ್ಲಿ ಟುನೀಸಿಯಾದ ಮೆಜೆಜ್ ಎಲ್ ಬಾಬ್ ಕಡೆ ಬೆಟ್ಟಗಳಲ್ಲಿ ಬ್ರಿಟಿಷರ ಚರ್ಚಿಲ್ ಟ್ಯಾಂಕಿನ ಗುಂಡೊಂದು 131 ನಂಬರಿನ ಟೈಗರಿನ ಗನ್ನಿಗೆ ಕೆಳಗಿಂದ ತಾಗಿ ಜಾರಿ ಟರೆಟ್ ತಿರುಗೋ ಬಳೆಗೆ ಹೊಕ್ಕಿತು, ಟರೆಟ್ ಸಿಕ್ಕಿಹಾಕ್ಕೊಳ್ತು, ಒಳಗಿದ್ದವರು ಟ್ಯಾಂಕನ್ನ ನಾಶ ಮಾಡದೆ ಬಿಟ್ಟು ಓಡಿದ್ರು. ಅದೇ ಏಪ್ರಿಲ್‌ನಲ್ಲಿ ಅದೇ ಟುನೀಸಿಯಾದಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಕೂಡ ಹೋರಾಡ್ತಿತ್ತು, ವಾದಿ ಅಕಾರಿತ್‌ನ ಬೆಟ್ಟ ಹತ್ತಿದ್ದು ಆ ತಿಂಗಳ ಮೊದಲ ವಾರ, ಆಮೇಲೆ ಮೇ 12ಕ್ಕೆ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾಗಿದ್ದೂ ಆ ಡಿವಿಷನ್ನಿಗೇ. ಈ ಟ್ಯಾಂಕಿನ ಬೆನ್ನು ಹತ್ತೋವರೆಗೂ ಇದು ನನಗೆ ಗೊತ್ತೇ ಇರ್ಲಿಲ್ಲ, ಸ್ಕೂಲಲ್ಲಿ ಒಂದು ಸಾಲು ಓದಿದ ನೆನಪೂ ಇಲ್ಲ.

ಆ 131ನ್ನ ಇಂಗ್ಲೆಂಡಿಗೆ ಸಾಗಿಸಿದ್ರು, ಚರ್ಟ್ಸಿಯಲ್ಲಿದ್ದ ಸ್ಕೂಲ್ ಆಫ್ ಟ್ಯಾಂಕ್ ಟೆಕ್ನಾಲಜಿಯವರು ನಟ್ಟುಬೋಲ್ಟಿನ ಮಟ್ಟಕ್ಕೆ ಬಿಚ್ಚಿ ಅಳೆದು ವರದಿ ಬರೆದ್ರು. ಆ ವರದಿ ಮೇಲೆ ನನಗೆ ತುಂಬ ಪ್ರೀತಿ. ಅದರಲ್ಲಿ ಹೊಗಳಿಕೆನೂ ಇಲ್ಲ, ದ್ವೇಷನೂ ಇಲ್ಲ, ನಾಳೆ ಇದೇ ಗಾಡಿ ಎದುರು ಬಂದ್ರೆ ನಮ್ಮ ಹುಡುಗರು ಏನು ಮಾಡ್ಬೇಕು ಅನ್ನೋ ಅವಸರ ಮಾತ್ರ. ಅದಕ್ಕೇ ಅವರು ಸುಳ್ಳು ಹೇಳಲ್ಲ.

ಅದನ್ನ ಓದ್ತಾ ಓದ್ತಾ ಗುಂಡುಗಳ ಲೆಕ್ಕದಲ್ಲಿ ಮುಳುಗಿಹೋದೆ. ಟೈಗರ್ ಒಳಗೆ 88 ಎಂಎಂ ಗುಂಡು 92. ಒಡಲಿನ ಎರಡೂ ಪಕ್ಕ ಟ್ರ್ಯಾಕಿನ ಮೇಲೆ ಚಾಚಿಕೊಂಡಿರೋ ಜಾಗದಲ್ಲಿ ಹದಿನಾರರಂತೆ ನಾಲ್ಕು ಬಿನ್ನು, ಅಲ್ಲಿಗೆ 64. ಅದರ ಕೆಳಗೆ ಗೋಡೆಗೆ ಒತ್ತಿಕೊಂಡು ನಾಲ್ಕರಂತೆ ನಾಲ್ಕು ಪುಟ್ಟ ಬಿನ್ನು, 16. ಡ್ರೈವರ್ ಪಕ್ಕ 6. ಟರೆಟ್ಟಿನ ನೆಲದ ಕೆಳಗೆ 6. ಕೂಡಿದ್ರೆ 92 ಸರಿಯಾಗಿ ಬರುತ್ತೆ, ಕಿಟ್‌ನಲ್ಲಿ ಎಣಿಸಿದೆ, ಅಲ್ಲೂ ಬಂತು, ಆ ಕ್ಷಣಕ್ಕೆ ಆದ ಖುಷಿ ಹೇಳೋಕಾಗಲ್ಲ. ಗುಂಡಿನ ಚಿಪ್ಪು, ಅಂದ್ರೆ ಮದ್ದು ತುಂಬಿರೋ ಹಿಂದಿನ ಕೊಳವೆ, ನಿಜದಲ್ಲಿ 571 ಎಂಎಂ ಉದ್ದ, ನನ್ನ ಮೇಜಿನ ಮೇಲೆ 16 ಎಂಎಂ, ಒಂದು ಬೆಂಕಿಕಡ್ಡಿಯ ಅರ್ಧಕ್ಕಿಂತ ಕಡಿಮೆ. ಇಡೀ ಗುಂಡು ನಿಜದಲ್ಲಿ ಹದಿನೈದು ಕಿಲೋ ಮೇಲೆ ತೂಗುತ್ತೆ. ಈಗ ಲೋಡರ್, ಅಂದ್ರೆ ಗನ್ನಿಗೆ ಗುಂಡು ತುಂಬೋನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವನು ಗನ್ನಿನ ಬಲಗಡೆ. ಗನ್ನಿನ ಹಿಂಭಾಗ ಟರೆಟ್ಟನ್ನ ಗೋಡೆ ಕಟ್ಟಿದ ಹಾಗೆ ಎರಡು ಮಾಡಿಬಿಟ್ಟಿದೆ, ಆಚೆ ಗನ್ನರು, ಅವನ ಬೆನ್ನಿಗೆ ಕಮಾಂಡರು. ಬಲಗಡೆ ಬಿನ್ನು ಕೈಗೆ ಸಿಗುತ್ತೆ. ಅದು ಖಾಲಿ ಆದ್ಮೇಲೆ? ಎಡಗಡೆ ಬಿನ್ನು ಗನ್ನಿನ ಆಚೆ ಇದೆ, ಟರೆಟ್ ಇನ್ನೊಂದು ದಿಕ್ಕಿಗೆ ತಿರುಗಿದ್ರೆ ಮಾತ್ರ ಸಿಕ್ಕೀತು. ನೆಲದ ಕೆಳಗಿನ ಆರಕ್ಕಂತೂ ಕಾಲ ಕೆಳಗಿನ ಮುಚ್ಚಳ ಎತ್ತಬೇಕು, ಕಾಲು ಎಲ್ಲಿ ಇಡೋದು ಅಂತ ಯಾರು ಹೇಳ್ತಾರೆ. ಹದಿನೈದು ಕಿಲೋದ ಸಿಲಿಂಡರನ್ನ ಅಷ್ಟು ಜಾಗದಲ್ಲಿ ತಿರುಗಿಸಿ, ಹೊಗೆಯಲ್ಲಿ, ಗನ್ ಹಿಂದಕ್ಕೆ ಹಾರೋ ದಾರಿಗೆ ಮೊಣಕೈ ಅಡ್ಡ ಹೋಗದ ಹಾಗೆ. ಇದನ್ನ ಪುಸ್ತಕದಲ್ಲಿ ಓದಿದ್ರೆ ಹತ್ತಲ್ಲ, ಚಿಮಟದಲ್ಲಿ ಆ ಪುಟ್ಟ ಗುಂಡು ಹಿಡ್ಕೊಂಡು ಬಿನ್ನಿಂದ ಗನ್ನಿನವರೆಗೆ ತಂದು ನೋಡಿದಾಗ, ಮೂರು ಕಡೆ ತಾಗಿದಾಗ, ಅವನ ಕಷ್ಟ ಗೊತ್ತಾಯ್ತು.

ಗನ್ನರಿಗೂ ಸುಖ ಇಲ್ಲ. ಟರೆಟ್ ತಿರುಗಿಸೋ ಹೈಡ್ರಾಲಿಕ್ ಶಕ್ತಿ ಬರೋದು ಎಂಜಿನ್ನಿಂದ, ಕಾಲಡಿಯ ಹಲಗೆ ಒತ್ತಿದ್ರೆ ತಿರುಗುತ್ತೆ. ಎಂಜಿನ್ ನಿಂತ್ರೆ ಕೈಚಕ್ರ, ಒಂದು ಸುತ್ತಿಗೆ ಅರ್ಧ ಡಿಗ್ರಿ, ಪೂರ್ತಿ ಒಂದು ಸುತ್ತು ಬರೋಕೆ 720 ಸಲ. ಆ ಚಕ್ರದ ಹಿಡಿ ಮೇಲೆ ಬಣ್ಣ ಉಳಿದಿರೋಕೆ ಸಾಧ್ಯನೇ ಇಲ್ಲ ಅನ್ಕೊಂಡು ನಾನು ಅದನ್ನ ಬರೀ ಲೋಹ ಮಾಡಿದೆ. ಇಲ್ಲಿಂದ ಶುರುವಾಗಿದ್ದು ನನ್ನ ದೊಡ್ಡ ತಪ್ಪು.

ಕೆಲಸದ ಮೇಲೆ ಏಳು ತಿಂಗಳು ಇಂಗ್ಲೆಂಡಿನಲ್ಲಿದ್ದಾಗ ಒಂದು ಶನಿವಾರ ವೂಲ್ ಸ್ಟೇಷನ್ನಿನಲ್ಲಿ ಇಳಿದು ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗಿದ್ದೆ. 131 ಅಲ್ಲೇ ಇದೆ, 1951ರಿಂದ. ಒಳಗೆ ಬಿಡಲ್ಲ. ಹೊರಗೆ ನಿಂತು ಗನ್ನಿನ ಕೆಳಗೆ ಆ ಗುಂಡು ಕೆರೆದ ಗಾಯ ನೋಡಿದೆ, ಬೆರಳು ಇಟ್ಟಷ್ಟು ಆಳ ಇರಬಹುದು ಅನ್ನಿಸ್ತು, ಬಹಳ ಹೊತ್ತು ಅಲ್ಲೇ ನಿಂತೆ. ಅಲ್ಲಿಂದ ಬಂದ್ಮೇಲೆ ಮ್ಯೂಸಿಯಮ್ಮುಗಳಲ್ಲಿರೋ ಟ್ಯಾಂಕುಗಳ ಒಳಗಿನ ಫೋಟೋ, ವಿಡಿಯೋ ಎಲ್ಲ ಸೇರಿಸೋಕೆ ಶುರು ಮಾಡಿದೆ. ಫ್ರಾನ್ಸಿನ ಸೋಮ್ಯೂರಿನದು, ನಾರ್ಮಂಡಿಯ ವಿಮೂತಿಯೇ ಊರಿನ ರಸ್ತೆ ಪಕ್ಕ 1944ರಲ್ಲಿ ಬಿಟ್ಟುಹೋಗಿದ್ದು, ಅದಂತೂ ದಶಕಗಟ್ಟಲೆ ಮಳೆ ಗಾಳಿಗೆ ನಿಂತಿತ್ತು. ಒಂದು ಫೋಲ್ಡರ್ ತುಂಬಿತು. ಆ ಫೋಲ್ಡರ್ ನೋಡ್ಕೊಂಡು ನನ್ನ ಟ್ಯಾಂಕಿನ ನೆಲಕ್ಕೆ ತುಕ್ಕು ಹಾಕಿದೆ, ಬೋಲ್ಟಿನ ಸುತ್ತ ತುಕ್ಕಿನ ನೀರು ಇಳಿಸಿದೆ, ದಂತದ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದ ಹಾಗೆ ಮಾಡಿದೆ, ಪೆಡಲ್ಲು ಪೂರ್ತಿ ಸವೆಸಿದೆ. ನೋಡೋಕೆ ಬಹಳ ಚೆನ್ನಾಗಿತ್ತು. ನನಗೆ ಹೆಮ್ಮೆ ಇತ್ತು.

ಹೋದ ತಿಂಗಳು ತುಮಕೂರಿಂದ ನಮ್ಮ ಚಿಕ್ಕಪ್ಪ ಬಂದಿದ್ರು. ಮೂವತ್ತೆಂಟು ವರ್ಷ ಲಾರಿ ಮೆಕ್ಯಾನಿಕ್ಕು, ಕೆಲಸ ಕಲಿತಿದ್ದು ಹಳೇ ಬೆಂಜ್ ಲಾರಿ ಮೇಲೆ. ಕನ್ನಡಕ ಹಾಕ್ಕೊಂಡು ಟ್ಯಾಂಕಿನ ಒಡಲನ್ನ ಕೈಗೆತ್ತಿಕೊಂಡ್ರು, ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರು.

"ಇದೇನೋ, ಇಷ್ಟ್ ದೊಡ್ಡ ಗಾಡಿಗೆ ಕಾರಿನ ತರ ಸ್ಟೇರಿಂಗ್ ವೀಲು?"

ಹೌದು ಚಿಕ್ಕಪ್ಪ, 57 ಟನ್ ಗಾಡಿ, ಆದ್ರೂ ಸ್ಟೇರಿಂಗ್ ಹೈಡ್ರಾಲಿಕ್ಕು, ಗೇರು ಎಂಟು ಮುಂದಕ್ಕೆ ನಾಲ್ಕು ಹಿಂದಕ್ಕೆ, ಮೊದಲೇ ಗೇರು ಆರಿಸಿಟ್ರೆ ಒಳಗೆ ಎಣ್ಣೆ ಒತ್ತಡದಲ್ಲಿ ಅದೇ ಬೀಳುತ್ತೆ ಅಂತ ಹೇಳಿದೆ. ಅವರು ಬಹಳ ಹೊತ್ತು ಗೇರ್‌ಬಾಕ್ಸೇ ನೋಡಿದ್ರು. ಆಮೇಲೆ ನೆಲ ನೋಡಿ, "ಎಷ್ಟ್ ವರ್ಷದ ಗಾಡಿ ಇದು?" ಅಂದ್ರು.

ವರ್ಷ ಏನಿಲ್ಲ, ಆ 131 ಫೆಬ್ರವರಿಲಿ ಫ್ಯಾಕ್ಟರಿಯಿಂದ ಬಂತು, ಏಪ್ರಿಲ್‌ನಲ್ಲಿ ಸಿಕ್ಕಿಬಿತ್ತು ಅಂದೆ.

"ಮತ್ತೆ ತುಕ್ಕು ಯಾಕ್ ಹಾಕಿದೀಯ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರು ಮುಂದುವರಿಸಿದ್ರು, "ಅಲ್ಲ ಕಣೋ, ಕೆಳಗಿರೋದು ರೆಡ್ ಆಕ್ಸೈಡ್ ತಾನೆ, ನಾವು ಗೇಟಿಗೆ ಹೊಡೆಯಲ್ವಾ, ಅದು. ಅದರ ಮೇಲೆ ತುಕ್ಕು ಬರೋಕೆ ನಾಲ್ಕು ಮಳೆಗಾಲ ಬೇಕು. ಎರಡು ತಿಂಗಳ ಗಾಡಿ ಅಂದ್ರೆ ಹೊಸ ಗಾಡಿ. ಪೇಂಟಿನ ವಾಸನೆನೇ ಹೋಗಿರಲ್ಲ."

ಆ ಮಾತು ನನ್ನನ್ನ ಒಂದು ವಾರ ಬಿಡಲಿಲ್ಲ. ನಾನು ಇಷ್ಟು ದಿನ ಸೇರಿಸಿದ್ದ ಫೋಟೋಗಳಲ್ಲಿ ಇದ್ದ ತುಕ್ಕು, ಚಕ್ಕೆ, ಕಲೆ ಎಲ್ಲ ನಿಜವೇ, ಆದ್ರೆ ಅದು ಯುದ್ಧದ್ದಲ್ಲ, ಯುದ್ಧ ಮುಗಿದ ಮೇಲಿನ ಎಂಬತ್ತು ವರ್ಷದ್ದು. ಮಳೆ, ಗೋದಾಮು, ಹತ್ತಿ ಇಳಿದ ಸಾವಿರ ಜನರ ಬೂಟು, ಅರ್ಧ ಕೆರೆದು ಬಿಟ್ಟ ರಿಪೇರಿ, ಮತ್ತೆ ಹೊಡೆದ ಬಣ್ಣ, ಇದನ್ನೆಲ್ಲ ನಾನು 1943ರ ಏಪ್ರಿಲ್ ಅಂತ ತಿಳ್ಕೊಂಡು ಒಂದು ಹೊಚ್ಚ ಹೊಸ ಗಾಡಿಗೆ ಬಳಿದಿದ್ದೆ. ಒಂದು ವಸ್ತು ನಮ್ಮವರೆಗೆ ಉಳಿದು ಬಂದಿದೆ ಅಂದ್ರೆ ಅದು ಉಳಿಯೋಕೆ ಪಟ್ಟ ಪಾಡೆಲ್ಲ ಅದರ ಮೈಮೇಲೆ ಇರುತ್ತೆ, ಆ ಪಾಡನ್ನ ಕಳೆದು ನೋಡೋದೇ ಈ ಹುಡುಕಾಟದ ಕಷ್ಟದ ಭಾಗ. ಟ್ಯಾಂಕುಗಳ ಆಯಸ್ಸು ಕಡಿಮೆ, ಬಹಳಷ್ಟು ಟೈಗರ್‌ಗಳು ತುಕ್ಕು ಹಿಡಿಯೋ ಅಷ್ಟು ದಿನ ಬದುಕಲೇ ಇಲ್ಲ.

ತುಕ್ಕು ಇಲ್ಲ ಅಂದ್ರೆ ಒಳಗೆ ಏನಿತ್ತು? ಐದು ಜನ ಎರಡು ತಿಂಗಳು ಹತ್ತಿ ಇಳಿದ ಗುರುತು ಇರಲೇಬೇಕು. ಬೂಟಿನಿಂದ ಬಂದ ಮಣ್ಣು, ಹ್ಯಾಚಿನ ಕೆಳಗಿನ ಸೀಟಿನ ಮೇಲೆ ಧೂಳು, ಗನ್ನಿನ ಹಿಂಭಾಗದ ಸುತ್ತ ಮಸಿ, ಚಿಪ್ಪು ಬಿದ್ದು ಬಿದ್ದು ನೆಲದಲ್ಲಿ ಗೀರು. ಇಲ್ಲಿ ನನಗೆ ಸಹಾಯಕ್ಕೆ ಬಂದಿದ್ದು ಜರ್ಮನ್ನರೇ 1943ರ ಆಗಸ್ಟ್‌ನಲ್ಲಿ ಟೈಗರ್ ಸಿಬ್ಬಂದಿಗೆ ಅಂತ ತಂದ ಕೈಪಿಡಿ, ಟೀಗರ್‌ಫೀಬೆಲ್. ಫೀಬೆಲ್ ಅಂದ್ರೆ ನಮ್ಮ ಬಾಲಬೋಧೆ ಇದ್ದ ಹಾಗೆ, ಅಕ್ಷರ ಕಲಿಯೋ ಮೊದಲ ಪುಸ್ತಕ. ಪದ್ಯ, ಕಾರ್ಟೂನು ಹಾಕಿ ಇಪ್ಪತ್ತರ ಹುಡುಗರಿಗೆ ಎಣ್ಣೆ ನೋಡು, ನೀರು ನೋಡು ಅಂತ ಹೇಳಿಕೊಡುತ್ತೆ. ಯಾವ ಮುಚ್ಚಳ ದಿನಾ ತೆಗೀತಾರೆ, ಯಾವುದಕ್ಕೆ ಕೈ ಹೋಗುತ್ತೆ ಅಂತ ಅದರಿಂದ ಗೊತ್ತಾಗುತ್ತೆ, ಕೈ ಹೋದ ಕಡೆ ಎಣ್ಣೆ ಜಿಡ್ಡು ಇರುತ್ತೆ, ಹೋಗದ ಕಡೆ ಬಣ್ಣ ಹೊಸದಾಗೇ ಇರುತ್ತೆ.

ಕಾಸೆಲ್ ಬಗ್ಗೆ ಓದುವಾಗ ಕಣ್ಣು ಮುಚ್ಚಿಕೊಳ್ಳೋಕೆ ಆಗದ ವಿಷಯನೂ ಬರುತ್ತೆ. ಹೆನ್ಶೆಲ್ ಕಾರ್ಖಾನೆಯಲ್ಲಿ ಬೇರೆ ಬೇರೆ ದೇಶಗಳಿಂದ ಬಲವಂತವಾಗಿ ತಂದ ಜನ ದುಡೀತಿದ್ರು. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷರು ಆ ಊರಿನ ಮೇಲೆ ಬಾಂಬು ಹಾಕಿದಾಗ ಸತ್ತವರು ಸುಮಾರು ಹತ್ತು ಸಾವಿರ. ನಾನು ಇಷ್ಟು ಪ್ರೀತಿಯಿಂದ ಅಳೆಯೋ ಗಾಡಿ ಯಾರ ಕೈಯಲ್ಲಿತ್ತು, ಯಾವ ಸರ್ಕಾರಕ್ಕಾಗಿ ಓಡ್ತಿತ್ತು ಅನ್ನೋದನ್ನ ನಾನು ಒಂದು ದಿನವೂ ಮರೆಯೋಕೆ ಇಷ್ಟಪಡಲ್ಲ. ಕೆಲವರು ಈ ಟ್ಯಾಂಕನ್ನ ಆರಾಧಿಸೋದು ನೋಡಿದ್ರೆ ನನಗೆ ಕಸಿವಿಸಿ ಆಗುತ್ತೆ. ಹೊರಗಿಂದ ನೋಡಿದ್ರೆ ಅದು ಹುಲಿ, ಭಯ ಹುಟ್ಟಿಸೋಕೇ ಮಾಡಿದ್ದು. ಒಳಗಿಂದ ನೋಡಿದ್ರೆ ಮೊಣಕೈ ಚಾಚೋಕೆ ಜಾಗ ಇಲ್ಲದ, ಗುಂಡಿನ ರಾಶಿ ಮಧ್ಯೆ ಕೂತ ಐದು ಹುಡುಗರು, ಮತ್ತೆ ವೆಲ್ಡಿಂಗ್ ಗೆರೆಯಲ್ಲಿ ಹೆಸರು ಇಲ್ಲದ ಕೆಲಸಗಾರರ ಕೈ. ನಾನು ಹೊರಗಿನ ಬಣ್ಣಕ್ಕಿಂತ ಒಳಗಿನ ಬಣ್ಣಕ್ಕೆ ಇಷ್ಟು ದಿನ ಕೊಟ್ಟಿದ್ದು ಅದಕ್ಕೇ.

ಒಡಲನ್ನ ಪೂರ್ತಿ ತೊಳೆದು ಮತ್ತೆ ಶುರು ಮಾಡಿದೀನಿ. ಕೆಳಗೆ ರೆಡ್ ಆಕ್ಸೈಡು, ಚಕ್ಕೆ ಇಲ್ಲದೆ, ಮಂಕಾಗಿ. ಮೇಲೆ 1001. ಎರಡೂ ಸೇರೋ ಗೆರೆ ಟೇಪು ಅಂಟಿಸಿ ಹೊಡೆದಷ್ಟು ನೇರ ಇರಲಿಲ್ಲ ಅಂತ ನನ್ನ ಅನಿಸಿಕೆ, ಸ್ಪ್ರೇ ಹಿಡಿದವನಿಗೆ ಸಂಜೆಯೊಳಗೆ ಇನ್ನೊಂದು ಗಾಡಿ ಮುಗಿಸಬೇಕಿತ್ತು, ಅದಕ್ಕೆ ಸ್ವಲ್ಪ ಹೊಗೆ ಹೊಗೆಯಾಗಿ ಬಿಟ್ಟೆ. ಗುಂಡಿನ ಚಿಪ್ಪಿಗೆ ಹಿತ್ತಾಳೆ ಬಣ್ಣ, ಮೊದಮೊದಲಿನವಾದ್ದರಿಂದ, ಆಮೇಲಾಮೇಲೆ ಹಿತ್ತಾಳೆ ಉಳಿಸೋಕೆ ಉಕ್ಕಿನ ಚಿಪ್ಪು ಬಂತು. ಟ್ಯಾಂಕು ಒಡೆಯೋ ಗುಂಡಿನ ಮೂತಿ ಕಪ್ಪು, ತುದಿ ಬಿಳಿ. ಬಲಗಡೆ ಮುಂದಿನ ಬಿನ್ನಿನಲ್ಲಿ ಒಂಬತ್ತು ಗುಂಡು ಕಡಿಮೆ ಇಟ್ಟೆ, ಲೋಡರ್ ಕೈಗೆ ಮೊದಲು ಸಿಗೋದು ಅವೇ. ಟರೆಟ್ ಅಂಟಿಸಲ್ಲ, ಎತ್ತಿ ನೋಡೋ ಹಾಗೆ ಬಿಡ್ತೀನಿ.

ಉಳಿದಿದ್ದು ಡ್ರೈವರಿನ ಹಿಮ್ಮಡಿ ಜಾಗ. ಚಿಕ್ಕಪ್ಪ ಹೊರಡುವಾಗ ಹೇಳಿದ್ರು, ಹೊಸ ಗಾಡಿಲೂ ಮೊದಲು ಹೋಗೋದು ಅಲ್ಲೇ ಕಣೋ, ಪೆಡಲ್ ಮಧ್ಯ ಅಲ್ಲ, ಪೆಡಲ್ಲಿನ ಅಂಚು ಮತ್ತೆ ಹಿಮ್ಮಡಿ ತಿರುಗೋ ಕಡೆ ನೆಲ, ಕಾಲು ಎತ್ತಲ್ಲ ಡ್ರೈವರು, ಹಿಮ್ಮಡಿ ಮೇಲೆ ತಿರುಗಿಸ್ತಾನೆ, ಅರ್ಧ ಚಂದ್ರದ ಹಾಗೆ ಹೊಳಪು ಬರುತ್ತೆ. ನಿನ್ನೆ ರಾತ್ರಿ 4ಬಿ ಪೆನ್ಸಿಲ್ಲಿನ ಸೀಸ ಉಪ್ಪುಕಾಗದದ ಮೇಲೆ ತೀಡಿ ಪುಡಿ ಮಾಡ್ಕೊಂಡು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದ್ದಿ, ಆ ಜಾಗದಲ್ಲಿ ಒಂದೇ ಕಡೆ ತಿರುಗಿಸ್ತಾ ಹೋದೆ. ಕೆಂಪಿನ ಮೇಲೆ ಉಗುರಿನ ಚೂರಿನಷ್ಟು ಒಂದು ಅರ್ಧಚಂದ್ರ ಎದ್ದು ಬಂತು. ಫೋಟೋ ತೆಗೆದು ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದೀನಿ. ಎರಡು ನೀಲಿ ಟಿಕ್ ಬಂದಿದೆ, ಇನ್ನೂ ಏನೂ ಬರೆದಿಲ್ಲ ಅವರು.